ಖಾಲಿ ಎಂದು ಬರೆಸಿಕೊಂಡ ಗೂಟ

ನಾನು ಮರದ ಗೂಟ, ಹೊಳೆಯಲ್ಲಿ ದೋಣಿ ಕಟ್ಟುವ ಗೂಟ. ಓದು ಬರಹ ನನಗೆ ಗೊತ್ತಿಲ್ಲ. ಆದರೆ ನನ್ನ ಹೆಸರಿನಲ್ಲಿ ಒಂದು ಕಾಗದದ ಮೇಲೆ ಸುಳ್ಳು ಬರೆದಿದ್ದಾರೆ ಎಂಬುದು ಗೊತ್ತಿದೆ. ಆ ಒಂದು ಸಾಲಿನಿಂದ ಏಳು ಮನೆಗಳ ಜನ ನೀರುಪಾಲಾಗುವ ಹಾಗಾಯಿತು. ಅದನ್ನು ಹೇಳಬೇಕೆಂದೇ ಬಾಯಿ ತೆರೆದಿದ್ದೇನೆ. ನನ್ನ ಮಾತಿನಲ್ಲಿ ಸಿಟ್ಟು ಕಂಡರೆ ಕಾಣಲಿ, ಅದನ್ನು ಮುಚ್ಚಿಡುವ ಮನಸ್ಸು ನನಗಿಲ್ಲ.

ಮೊದಲು ನಾನು ಮತ್ತಿಮರವಾಗಿದ್ದೆ, ಹೊಳೆಯಿಂದ ಎರಡು ಹರದಾರಿ ದೂರದ ಗುಡ್ಡದ ಇಳಿಜಾರಿನಲ್ಲಿ. ಒಂದು ಜ್ಯೇಷ್ಠದ ಗಾಳಿಗೆ ಬುಡಸಮೇತ ಉರುಳಿದೆ. ಆಗ ಬಂದವನು ಜಟ್ಟು ಅಂಬಿಗ. ಅವನು ಅವಸರ ಮಾಡಲಿಲ್ಲ. ಕೊಡಲಿಯ ಹಿಂಬದಿಯಿಂದ ನನ್ನ ಮೈಯನ್ನು ಅಲ್ಲಲ್ಲಿ ತಟ್ಟಿ, ಕಿವಿಯಿಟ್ಟು ಕೇಳಿದ. ಪೊಳ್ಳು ಸದ್ದು ಬಂದ ಕಡೆಯನ್ನು ಸೌದೆಗೆ ಬಿಟ್ಟ. ಗಟ್ಟಿ ಸದ್ದು ಬಂದ ಎರಡಾಳು ಉದ್ದದ ತುಂಡನ್ನು ಎತ್ತುಗಳಿಂದ ಹೊಳೆಗೆ ಎಳೆಸಿ, ದೋಣಿಯ ಹಿಂದೆ ಕಟ್ಟಿ ತೇಲಿಸಿಕೊಂಡು ಹೋದ. ಅದೇ ನಾನು.

ಅವನ ಊರಿನ ಹೆಸರು ಗುಳ್ಳಕುರ್ವೆ. ಹೊಳೆ ಸಮುದ್ರ ಸೇರುವ ಮೊದಲು ನಡುನೀರಿನಲ್ಲಿ ಏಳುವ ನಡುಗಡ್ಡೆಯನ್ನು ಆ ಕಡೆಯವರು ಕುರ್ವೆ ಎನ್ನುತ್ತಾರೆ. ಏಳು ಮನೆ, ಒಂದು ಸಿಹಿನೀರ ಬಾವಿ, ನಲವತ್ತು ತೆಂಗು. ಇಳಿತದ ಹೊತ್ತಿಗೆ ಗಂಡಸರು ಹೆಂಗಸರು ಎಲ್ಲರೂ ಸೊಂಟದ ನೀರಿನಲ್ಲಿ ನಿಂತು ಕಾಲಬೆರಳಿನಿಂದ ಕೆಸರು ಕೆದಕಿ ಬಳಚು ತೆಗೆಯುತ್ತಿದ್ದರು. ಒಳಗಿನ ಮಾಂಸ ಪೇಟೆಗೆ, ಚಿಪ್ಪು ಸುಣ್ಣದ ಗೂಡಿಗೆ.

ಜಟ್ಟು ನನ್ನ ಬುಡವನ್ನು ಕೆತ್ತಿ ಚೂಪು ಮಾಡಿದ, ತೆಂಗಿನ ಸಿಪ್ಪೆಯ ಬೆಂಕಿಯಲ್ಲಿ ಆ ತುದಿಯನ್ನು ಕರಿಹಿಡಿಯುವವರೆಗೆ ಸುಟ್ಟ. ಸುಟ್ಟ ಮರಕ್ಕೆ ಹುಳ ಬಾಯಿ ಹಾಕುವುದಿಲ್ಲ. ಆಮೇಲೆ ಇಳಿತದಲ್ಲಿ ಕೆಸರಿಗೆ ನಿಲ್ಲಿಸಿ, ನನ್ನ ಹೆಗಲಿಗೆ ಅಡ್ಡಮರ ಬಿಗಿದು, ಎರಡು ತುದಿಗೂ ಇಬ್ಬಿಬ್ಬರನ್ನು ಕೂರಿಸಿ ಏತದ ಹಾಗೆ ಆಡಿಸಿದ. ಒಂದೊಂದು ಆಟಕ್ಕೂ ಒಂದೊಂದು ಬೆರಳಿನಷ್ಟು ಇಳಿದೆ. ಉಬ್ಬರ ಬರುವ ಹೊತ್ತಿಗೆ ಅರ್ಧ ಮೈ ನೆಲದೊಳಗಿತ್ತು. ಜಟ್ಟು ನನ್ನ ನೆತ್ತಿ ತಟ್ಟಿ, "ಹೆಂಡ್ತಿ ಸಿಟ್ಟು ಮಾಡ್ಕಂಡು ತವರಿಗೆ ಹೋಗ್ತದೆ, ನೀ ಮಾತ್ರ ಹೋಗುಕಾಗ, ತೆಳೀತಾ?" ಎಂದ. ದೋಣಿಯಲ್ಲಿದ್ದ ಹೆಂಡತಿ ನೀರು ಎರಚಿದಳು. ಆ ನೀರು ಬಿದ್ದದ್ದು ನನ್ನ ಮೇಲೆ.

ಹಾಗೆ ನಾನು ಗುಳ್ಳಕುರ್ವೆಯ ಏಳನೆಯ ಗೂಟವಾದೆ.

ಕೆಲವು ವರ್ಷ ಕಳೆದ ಮೇಲೆ ಹೊಳೆಯ ಬಾಯಿಗೆ ಯಾರೋ ಕಲ್ಲಿನ ಗೋಡೆ ಕಟ್ಟಿಸಿದರು. ದೊಡ್ಡ ಬೋಟುಗಳಿಗೆ ಅನುಕೂಲವಾಗಲಿ ಎಂದಂತೆ. ಗೋಡೆಗೆ ಬಡಿದ ನೀರು ತಿರುಗಿ ಕುರ್ವೆಯ ಪಕ್ಕೆಯನ್ನು ಕಡಿಯಿತು. ಮೊದಲ ಮಳೆಗಾಲಕ್ಕೆ ತೆಂಗುಗಳು ಹೋದವು, ಎರಡನೆಯದಕ್ಕೆ ಬಾವಿಗೆ ಉಪ್ಪು ಹೊಕ್ಕಿತು, ಮೂರನೆಯದಕ್ಕೆ ಮನೆಗಳ ಪಾಯ ಕುಸಿಯಿತು. ಅಧಿಕಾರಿಗಳು ಬಂದು ನೋಡಿದರು, ಬೇರೆ ಜಾಗ ತೋರಿಸುತ್ತೇವೆ ಎಂದರು, ಅಲ್ಲಿಯ ತನಕ ಹೇಗಾದರೂ ಸುಧಾರಿಸಿಕೊಳ್ಳಿ ಎಂದರು. ಏಳು ಮನೆಯವರು ಹೇಗಾದರೂ ಸುಧಾರಿಸಿಕೊಂಡರು. ಹಿಂದೆ ಹಂಚು, ಉಪ್ಪು ಸಾಗಿಸುತ್ತಿದ್ದ ದೊಡ್ಡ ದೋಣಿಗಳು ದಡದಲ್ಲಿ ಬಿದ್ದಿದ್ದವು. ಅವನ್ನು ರಿಪೇರಿ ಮಾಡಿ, ಬಿದಿರು ಬಾಗಿಸಿ, ಹೆಣೆದ ತೆಂಗಿನ ಗರಿಯ ಮಡಲು ಹೊದೆಸಿ, ಮೂಲೆಯಲ್ಲಿ ಮಣ್ಣು ಮೆತ್ತಿ ಒಲೆ ಹೂಡಿದರು. ಸಿಹಿನೀರನ್ನು ದಡದಿಂದ ಕೊಡಗಳಲ್ಲಿ ತಂದರು. ತೋರಿಸುತ್ತೇವೆ ಎಂದ ಜಾಗವನ್ನು ಅಧಿಕಾರಿಗಳು ಇವತ್ತಿಗೂ ಹುಡುಕುತ್ತಿದ್ದಾರೆ. ಅಷ್ಟು ದೊಡ್ಡ ತಾಲೂಕಿನಲ್ಲಿ ಏಳು ಒಲೆ ಹೂಡುವಷ್ಟು ನೆಲ ಅವರ ಕಣ್ಣಿಗೆ ಬಿದ್ದಿಲ್ಲ.

ಆ ವರ್ಷವೇ ಜಟ್ಟುವಿನ ಮಗ ಗಣಪುವಿಗೆ ಮದುವೆಯಾಯಿತು. ಸೊಸೆಯಾಗಿ ಬಂದವಳು ಮಾಸ್ತಿ. ಬರಬರುತ್ತಾ ಎಲ್ಲರಿಗೂ ಮಾಸ್ತಕ್ಕ. ನಾನು ಅವಳನ್ನು ಕೆಳಗಿನಿಂದ ಕಂಡವನು: ದೋಣಿಯ ಅಂಚಿನಿಂದ ಇಳಿಬಿಟ್ಟ ಕಾಲು, ಪಾತ್ರೆ ತೊಳೆಯುವ ಕೈ, ಬಗ್ಗಿದಾಗ ನೀರಿನಲ್ಲಿ ಮೂಡುವ ಮುಖ. ಉಳಿದದ್ದನ್ನು ಹಗ್ಗ ಹೇಳುತ್ತಿತ್ತು. ಯಾರು ಹತ್ತಿದರು, ಯಾರು ಮಲಗಿದರು, ಯಾರು ಸಿಟ್ಟಿನಿಂದ ಕಾಲು ಅಪ್ಪಳಿಸಿದರು ಎಂಬುದೆಲ್ಲ ಹಗ್ಗದ ಜಗ್ಗಿನಲ್ಲಿ ನನಗೆ ಬರುತ್ತಿತ್ತು. ಮಾಸ್ತಕ್ಕನಿಗೆ ಹೆರಿಗೆ ನೋವು ಬಂದ ದಿನ ಅವಳು ಹಿಡಿದು ಜಗ್ಗಿದ್ದು ಆ ಹಗ್ಗವನ್ನೇ. ಮೂರು ಸಲ ಗಾಳಿಯ ಹೊಡೆತ ತಿಂದವನು ನಾನು. ಯಾವ ಗಾಳಿಯೂ ಆ ದಿನದಷ್ಟು ನನ್ನನ್ನು ಅಲ್ಲಾಡಿಸಿಲ್ಲ. ಹುಟ್ಟಿದ್ದು ಹೆಣ್ಣುಮಗು.

ಅಲ್ಲಿನ ಜನರಿಗೆ ಒಂದು ಪದ್ಧತಿ ಇತ್ತು. ಅದಕ್ಕೆ ಹಗ್ಗ ಬಿಡುವುದು ಎನ್ನುತ್ತಿದ್ದರು. ಹೊರಗಿನ ದೋಣಿ ಬಂದರೆ, ಬಂದವರು ಯಾರೇ ಆಗಿರಲಿ, ಊರಿನವರು ತಮ್ಮ ದೋಣಿಯ ಹಗ್ಗ ಬಿಚ್ಚಿ ಗೂಟವನ್ನು ಅವರಿಗೆ ಬಿಟ್ಟುಕೊಡಬೇಕು. ಒಬ್ಬರು ಬಿಚ್ಚಿದರೆ ಸಾಲದು, ಏಳೂ ದೋಣಿಗಳು ಬಿಚ್ಚಬೇಕು. ಬಂದವರು ತಮಗೆ ಬೇಕಾದ ಗೂಟ ಆರಿಸಿಕೊಳ್ಳಬೇಕು. ಅವರು ಹೊರಡುವ ತನಕ ಊರಿನವರು ಆಚೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲದ ಗಿಡಗಳ ಮರೆಯಲ್ಲಿ ದೋಣಿ ತಳ್ಳುವ ಬಿದಿರ ಜಲ್ಲೆ ಊರಿಕೊಂಡು ನಿಲ್ಲಬೇಕು. ಇದು ಬರೀ ಮರ್ಯಾದೆಯ ಮಾತಲ್ಲ, ಇದರಲ್ಲಿ ಬುದ್ಧಿವಂತಿಕೆಯೂ ಇತ್ತು. ಊರಿನವರಿಗೆ ಹೊಳೆಯ ತಳ ಗೊತ್ತು, ಎಲ್ಲಿ ಮರಳಿನ ರೇವೆ, ಎಲ್ಲಿ ಸುಳಿ ಎಂಬುದು ಗೊತ್ತು. ಹೊರಗಿನವನಿಗೆ ಗೊತ್ತಿಲ್ಲ. ಗೂಟ ತಪ್ಪಿದರೆ ಅವನು ಸಾಯುತ್ತಾನೆ. ಹಾಗಾಗಿ ನಮ್ಮ ಮೇಲೆ ಯಾರೂ ಹೆಸರು ಕೆತ್ತಲಿಲ್ಲ, ಗುರುತು ಹಾಕಲಿಲ್ಲ. ಆದರೂ ಸಾಮಾನ್ಯ ದಿನಗಳಲ್ಲಿ ಅವರವರ ದೋಣಿ ಅವರವರ ಗೂಟಕ್ಕೇ ಬರುತ್ತಿತ್ತು. ಜಟ್ಟುವಿನ ಹಗ್ಗ ಉಜ್ಜಿ ಉಜ್ಜಿ ನನ್ನ ಸೊಂಟ ಒಂದು ಗೇಣಿನಷ್ಟು ಅಗಲಕ್ಕೆ ಸವೆದು ಸಣ್ಣಗಾಗಿತ್ತು. ನನಗೆ ಗುರುತು ಅಂತ ಇದ್ದರೆ ಅದೊಂದೇ.

ಜಟ್ಟು ತೀರಿಕೊಂಡ. ಮಾಸ್ತಕ್ಕನ ತಲೆ ನರೆಯಿತು. ಅಷ್ಟರಲ್ಲಿ ಹೊಳೆಗೆ ಹೊಸ ತೇಲುಮನೆಗಳು ಬಂದವು. ಗಾಜಿನ ಕಿಟಕಿ, ಮೇಲೆ ಹುಲ್ಲುಹಾಸಿನ ಬಣ್ಣದ ಕಂಬಳಿ, ಒಳಗೆ ತಂಪುಗಾಳಿಯ ಯಂತ್ರ. ಪ್ರವಾಸಿಗರು ಅದರ ಮೇಲೆ ನಿಂತು ನಮ್ಮ ಮಡಲಿನ ದೋಣಿಗಳ ಫೋಟೋ ತೆಗೆಯುತ್ತಿದ್ದರು. ಗಣಪು ಅವರಿಗೆ ಕೈ ಬೀಸುತ್ತಿದ್ದ. ಮಾಸ್ತಕ್ಕ ಒಣಗಲು ಹಾಕಿದ ಲಂಗವನ್ನು ಒಳಗೆಳೆದುಕೊಳ್ಳುತ್ತಿದ್ದಳು.

ಆಮೇಲೆ ಕಾಗದ ಬಂತು. ಅದನ್ನು ಕಳಿಸಿದ ಕಚೇರಿಗೆ ದೊಡ್ಡದೊಂದು ಹೆಸರಿದೆ. ಜನ ಅದನ್ನು ಹೊಳೆಯ ಕಚೇರಿ ಎಂದೇ ಕರೆಯುತ್ತಿದ್ದರು. ಮಾಸ್ತಕ್ಕನ ಮಗಳು ಅದನ್ನು ಎರಡು ಸಲ ಓದಿ ಹೇಳಿದಳು. ಇನ್ನು ಮೇಲೆ ಹೊಳೆಯಲ್ಲಿ ದೋಣಿ ಕಟ್ಟಲು ಪರವಾನಿಗೆ ಬೇಕು. ಸರ್ವೆಯ ದಿನ ಯಾವ ಗೂಟಕ್ಕೆ ಯಾವ ದೋಣಿ ಕಟ್ಟಿರುವುದು ಕಂಡುಬರುತ್ತದೋ ಆ ದೋಣಿಯವರಿಗೆ ಮಾತ್ರ ಆ ಗೂಟ. ಖಾಲಿ ಕಂಡ ಗೂಟಗಳು ಕಚೇರಿಗೆ. ಪರವಾನಿಗೆ ಇಲ್ಲದ ದೋಣಿ ಹೊಳೆಯಲ್ಲಿ ನಿಲ್ಲುವಂತಿಲ್ಲ.

ಯಾರೂ ಹೆದರಲಿಲ್ಲ. ನಾವು ಇಲ್ಲೇ ಇದ್ದೇವಲ್ಲ, ಅವರು ಬಂದು ನೋಡಲಿ ಎಂದರು. ಹಿಂದಿನ ದಿನ ದೋಣಿಗಳನ್ನು ತೊಳೆದರು. ಒಬ್ಬರಂತೂ ಮಡಲಿನ ಅಂಚಿಗೆ ಮಾವಿನ ತೋರಣ ಕಟ್ಟಿದರು.

ಮಂಗಳವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಸರ್ವೆಯ ಸಾಹೇಬನ ಲಾಂಚು ಬಂತು. ಉಬ್ಬರ ಏರುತ್ತಿತ್ತು. ಲಾಂಚಿನ ಚಾಲಕ ಹಗ್ಗ ಕೈಯಲ್ಲಿ ಹಿಡಿದು, ಎಲ್ಲಿ ಕಟ್ಟಲಿ ಎಂದು ಅತ್ತಿತ್ತ ನೋಡಿದ.

ಅಷ್ಟೇ ಸಾಕಾಯಿತು. ಗಣಪು ನನ್ನ ಕಡೆಗೆ ಕೈ ಚಾಚಿದ. ಮಾಸ್ತಕ್ಕ ಅವನ ರಟ್ಟೆ ಹಿಡಿದಳು. "ಇವತ್ತೊಂದು ದಿನ ಬ್ಯಾಡ. ನಂಗ್ಯಾಕೋ ಸಮ ಕಾಣುದಿಲ್ಲ."

"ಬಂದವ್ರು ಹಗ್ಗ ಹಿಡ್ಕಂಡು ನಿಂತ್ಕಂಡಾರೆ, ನಾವ್ ಕಟ್ಕಂಡು ಕೂತ್ಕಣುದಾ? ಅಪ್ಪ ಇದ್ದಿದ್ರೆ ನನ್ ಮೋರೆಗೆ ಉಗೀತಿದ್ದ."

ಜಟ್ಟುವಿನ ಹೆಸರು ಬಂದ ಮೇಲೆ ಅವಳು ರಟ್ಟೆ ಬಿಟ್ಟಳು. ಬಗ್ಗಿ ತನ್ನ ಕೈಯಾರೆ ಗಂಟು ಬಿಚ್ಚಿದಳು. ಅವಳ ಬೆರಳು ನನ್ನ ಸವೆದ ಸೊಂಟದ ಮೇಲೆ ಒಂದು ಗಳಿಗೆ ನಿಂತಿತ್ತು. ಉಳಿದ ಆರು ದೋಣಿಗಳೂ ಬಿಚ್ಚಿಕೊಂಡು ಕಾಂಡ್ಲದ ಕಡೆಗೆ ಸರಿದವು. ಚಾಲಕ ಲಾಂಚನ್ನು ನನಗೇ ಕಟ್ಟಿದ. ಬಿಳಿ ನೈಲಾನ್ ಹಗ್ಗ, ತಣ್ಣಗೆ, ಹಾವಿನ ಹಾಗೆ.

ಲಾಂಚು ಹತ್ತಿದ ಗಣಪು ಮತ್ತು ಇನ್ನಿಬ್ಬರು ಸಾಹೇಬನಿಗೆ ಎಳನೀರು ಕೊಟ್ಟರು, ಬೆಲ್ಲದ ಅವಲಕ್ಕಿ ಕೊಟ್ಟರು. ಅವನು ಎಲ್ಲ ತಿಂದ. ಯಾವ ಗೂಟ ಯಾರದ್ದು ಎಂದು ಕೇಳಿದ. ಗಣಪುವಿಗೆ ನಗು ಬಂತು. ಎಂಥ ಪ್ರಶ್ನೆ ಅನ್ನಿಸಿರಬೇಕು. "ಗೂಟ ಯಾರದ್ದಾದ್ರೆ ಎಂತ ಒಡೆಯಾ, ಹಗ್ಗ ಇದ್ದವ್ರು ಕಟ್ಟುದು," ಎಂದ. ಸಾಹೇಬ ಅದನ್ನೂ ಬರೆದುಕೊಂಡ. ದೋಣಿಗಳನ್ನು ಯಾಕೆ ಆಚೆ ಒಯ್ದಿರಿ ಎಂದು ಕೇಳಿದಾಗ ಪದ್ಧತಿಯನ್ನು ವಿವರಿಸಿ ಹೇಳಿದರು. ಚೆನ್ನಾಗಿದೆ ಎಂದು ತಲೆಯಾಡಿಸಿದ. ಆಮೇಲೆ ಏಳು ಗೂಟಗಳ ಫೋಟೋ ತೆಗೆದ.

ಲಾಂಚು ಹೊರಡುವ ಮುಂಚೆ ಚಾಲಕ ಮೆಲ್ಲಗೆ, ಅವರು ಬಿಚ್ಚಿದ್ದು ನಮಗಾಗಿ ಅಲ್ಲವೇ ಸಾರ್, ಖಾಲಿ ಅಂತ ಬರೆದರೆ ಹೇಗೆ ಎಂದು ಕೇಳಿದ. ನಾನು ಅಲ್ಲೇ ಇದ್ದೆ. ಸಾಹೇಬ ಪೆನ್ನಿನ ಮುಚ್ಚಳ ಹಾಕುತ್ತಾ ಹೇಳಿದ್ದನ್ನು ನಾನು ಮರೆತಿಲ್ಲ.

"ಕಂಡದ್ದನ್ನ ಬರೀಬೇಕಪ್ಪ. ಕೇಳಿದ್ದನ್ನಲ್ಲ."

ತಿಳಿಯದೆ ತಪ್ಪು ಬರೆದಿದ್ದರೆ ಕ್ಷಮಿಸುತ್ತಿದ್ದೆ. ತಿಳಿದು ಬರೆದ. ಅವರ ಎಳನೀರು ಕುಡಿದು, ಬಾಯಿ ಒರೆಸಿಕೊಂಡು ಬರೆದ. ಏಳೂ ಗೂಟ ಖಾಲಿ, ಸುತ್ತ ಏಳು ಅಲೆಮಾರಿ ದೋಣಿಗಳು ಕಂಡವು, ಗೂಟಗಳು ತಮ್ಮವಲ್ಲವೆಂದು ನಿವಾಸಿಗಳೇ ಒಪ್ಪಿದ್ದಾರೆ. ಹೀಗಿತ್ತಂತೆ ವರದಿ.

ಒಂದು ತಿಂಗಳಲ್ಲಿ ತೆರವಿನ ನೋಟಿಸು ಬಂತು. ಮೂವತ್ತು ದಿನದೊಳಗೆ ಹೊಳೆ ಬಿಟ್ಟು ಹೋಗಬೇಕು. ಎಲ್ಲಿಗೆ ಎಂದು ಬರೆದಿರಲಿಲ್ಲ. ದೋಣಿಯನ್ನು ದಡಕ್ಕೆಳೆದರೆ ಹಲಗೆ ಒಣಗಿ ಬಿರುಕು ಬಿಡುತ್ತದೆ. ಸಮುದ್ರಕ್ಕೆ ಒಯ್ದರೆ ಮುಳುಗುತ್ತದೆ. ಅವರಿಗೆ ಇದ್ದದ್ದು ಆ ಕುರ್ವೆಯ ನೆರಳಿನ ನೀರು ಮಾತ್ರ. ಆಗಲೇ ತೇಲುಮನೆಗಳ ಕಂಪನಿಯವರು ಬಂದು, ಗೂಟಗಳಾದ ನಮ್ಮನ್ನು ಒಂದು, ಎರಡು ಎಂದು ಎಣಿಸಿಕೊಂಡು ಹೋದರು.

ಗಣಪು ಊಟ ಬಿಟ್ಟ. ನನ್ನ ಬಾಯಿಂದಲೇ ಹೋಯಿತು, ನನ್ನ ಬಾಯಿಂದಲೇ ಹೋಯಿತು ಎಂದು ಹಲುಬುತ್ತಿದ್ದ. ಮಾಸ್ತಕ್ಕ ಅವನನ್ನು ಬೈಯಲಿಲ್ಲ. ಅವಳ ಸಿಟ್ಟು ಬೇರೆ ಕಡೆಗಿತ್ತು. ತನ್ನ ಹೆಸರಿನಲ್ಲಿ ಒಂದೇ ಅರ್ಜಿ ಬರೆಸಿ, ಏಳು ಮನೆಯವರಿಂದ ಅದಕ್ಕೆ ಹೆಬ್ಬೆಟ್ಟು ಹಾಕಿಸಿದಳು. ವಿಚಾರಣೆಗೆ ಒಂದು ದಿನ ಕೊಟ್ಟರು. ನೀವು ಅಲ್ಲಿದ್ದದ್ದಕ್ಕೆ ಸಾಕ್ಷಿ ಇದ್ದರೆ ತನ್ನಿ ಎಂದರು.

ಅವಳು ನನ್ನನ್ನು ತಂದಳು.

ಅದನ್ನು ಮಾಡಿದ ರೀತಿ ಕೇಳಿ. ಅಷ್ಟು ವರ್ಷ ಕೆಸರಿನಲ್ಲಿ ಕೂತ ಗೂಟವನ್ನು ಹತ್ತು ಗಂಡಸರು ಸೇರಿದರೂ ಕೀಳಲಾಗದು. ಮಾಸ್ತಕ್ಕ ಪೂರ್ತಿ ಇಳಿತದ ಹೊತ್ತು ನೋಡಿ, ನನ್ನ ಎರಡೂ ಮಗ್ಗುಲಿಗೆ ಎರಡು ದೋಣಿ ನಿಲ್ಲಿಸಿ, ಅವುಗಳ ಮೇಲೆ ಅಡ್ಡತೊಲೆ ಹಾಕಿ, ನನ್ನನ್ನು ಆ ತೊಲೆಗೆ ಬಿಗಿದಳು. ಆಮೇಲೆ ಎಲೆಯಡಿಕೆ ಹಾಕಿಕೊಂಡು ಕೂತಳು. ಉಬ್ಬರ ಬಂತು. ನೀರು ದೋಣಿಗಳನ್ನು ಎತ್ತಿತು, ದೋಣಿಗಳು ತೊಲೆಯನ್ನು ಎತ್ತಿದವು. ನೆಲ ನನ್ನನ್ನು ಹೀರಿ ಹಿಡಿದುಕೊಂಡಿತ್ತು. ಸ್ವಲ್ಪ ಸ್ವಲ್ಪವಾಗಿ ಬಿಟ್ಟುಕೊಟ್ಟಿತು. ಜಟ್ಟು ಸುಟ್ಟ ಕರಿ ತುದಿ ಹೊರಬಂದಾಗ ಗಣಪು ಅದನ್ನು ಮುಟ್ಟಿ ಮುಖ ತಿರುಗಿಸಿಕೊಂಡ.

ಕಚೇರಿಯ ದೊಡ್ಡ ಸಾಹೇಬರ ಮೇಜಿನ ಮುಂದೆ ನನ್ನನ್ನು ಮಲಗಿಸಿದರು. ನನ್ನ ಮೈಯಿಂದ ನೀರಿಳಿದು ಟೈಲ್ಸಿನ ಮೇಲೆ ಹರಿಯಿತು. ಸರ್ವೆಯ ಸಾಹೇಬನೂ ಕಡತ ಹಿಡಿದು ನಿಂತಿದ್ದ. ಮಾಸ್ತಕ್ಕ ತನ್ನ ದೋಣಿಯ ಹಗ್ಗವನ್ನು ನನ್ನ ಸೊಂಟಕ್ಕೆ ಸುತ್ತಿ ತೋರಿಸಿದಳು. ಹಗ್ಗ ಸವೆದ ಜಾಗದಲ್ಲಿ ಸರಿಯಾಗಿ ಕೂತಿತು. ದೊಡ್ಡ ಸಾಹೇಬರು ಸೌಮ್ಯವಾಗಿಯೇ, ಇದರ ಮೇಲೆ ಯಾರ ಹೆಸರೂ ಇಲ್ಲವಲ್ಲಮ್ಮ, ಇದು ಆ ಹೊಳೆಯಲ್ಲೇ ಇದ್ದ ಗೂಟ ಎಂದು ಹೇಗೆ ನಂಬುವುದು ಎಂದು ಕೇಳಿದರು. ಸರ್ವೆಯವನು ನಡುವೆ ಬಾಯಿ ಹಾಕಿ, ಈಗಂತೂ ಅಲ್ಲಿ ಗೂಟವೂ ಇಲ್ಲ ಸಾರ್, ಅವರೇ ಕಿತ್ತಿದ್ದಾರೆ ಎಂದು ನಕ್ಕ.

ಮಾಸ್ತಕ್ಕ ಅವನ ಕಡೆ ತಿರುಗಲಿಲ್ಲ. "ಅವ್ರ ಕಡತದಾಗೆ ಫೋಟೋ ಉಂಟಲ್ಲ ಒಡೆಯಾ. ಏಳನೇದು ತೆಗೀರಿ."

ದೊಡ್ಡ ಸಾಹೇಬರು ತೆಗೆದರು. ಸೊಂಟ ಸವೆದ ಗೂಟ, ಅದಕ್ಕೆ ಸುತ್ತಿದ ಬಿಳಿ ಹಗ್ಗ, ಹಗ್ಗದ ತುದಿಗೆ ಕಚೇರಿಯ ಲಾಂಚು.

"ಇದು ಖಾಲಿಯಾ?" ಎಂದಳು. "ನಿಮ್ಮ ಬೋಟೇ ಕಟ್ಟಿತ್ತಲ್ಲ. ಅದು ಕಟ್ಟಿದ್ದು ನಾ ಬಿಚ್ಚಿದ್ದಕ್ಕೆ. ನಾ ಬಿಚ್ಚುಕೆ ಮೊದ್ಲು ಅಲ್ಲಿ ಯಾರ್ದು ಇತ್ತು ಹೇಳಿ ಅವ್ರನ್ನೇ ಕೇಳಿ. ಕಂಡದ್ದನ್ನೇ ಬರೆವವ್ರು ಅವ್ರು, ಅವ್ರಿಗೆ ಕಂಡಿರ್ತದೆ."

ಸರ್ವೆಯವನ ನಗು ಎಲ್ಲಿ ಹೋಯಿತೋ. ದೊಡ್ಡ ಸಾಹೇಬರು ಫೋಟೋವನ್ನೂ ನನ್ನನ್ನೂ ಮತ್ತೆ ಮತ್ತೆ ನೋಡಿದರು. ಅವರು ನ್ಯಾಯ ಹೇಳಬಹುದಿತ್ತು, ಒಂದು ಸಾಲು ಬರೆದಿದ್ದರೆ ಸಾಕಿತ್ತು. ಬರೆಯಲಿಲ್ಲ. ಬರೆದರೆ ತಮ್ಮ ಕಚೇರಿಯೇ ಸುಳ್ಳು ಹೇಳಿತೆಂದು ಒಪ್ಪಬೇಕಾಗುತ್ತದೆ. ಬರೆಯದೆ ತಳ್ಳಿಹಾಕಲು ಆ ಫೋಟೋ ಬಿಡಲಿಲ್ಲ. ಅಂಥ ಹೊತ್ತಿನಲ್ಲಿ ಕಚೇರಿಗಳು ಮಾಡುವುದನ್ನೇ ಮಾಡಿದರು. ವಸ್ತುವನ್ನು ಸಾಕ್ಷಿಯಾಗಿ ಇಟ್ಟುಕೊಳ್ಳಿ, ಮುಂದಿನ ಆದೇಶದವರೆಗೆ ತೆರವು ಬೇಡ ಎಂದರು.

ನನ್ನ ಕೊರಳಿಗೆ ಒಂದು ಚೀಟಿ ಕಟ್ಟಿ ದಾಸ್ತಾನು ಕೋಣೆಯ ಮೂಲೆಗೆ ಒರಗಿಸಿದರು. ಅದಾಗಿ ಆರು ವರ್ಷ. ನಾನು ನಿಂತಿದ್ದ ಜಾಗದಲ್ಲಿ ಈಗ ಕಂಪನಿಯ ನೀಲಿ ಕಬ್ಬಿಣದ ಕೊಳವೆ ನಿಂತಿದೆಯಂತೆ. ಮಾಸ್ತಕ್ಕನ ದೋಣಿ ಪಕ್ಕದವರ ದೋಣಿಗೆ ಮೈ ತಾಗಿಸಿಕೊಂಡು ನಿಲ್ಲುತ್ತದಂತೆ. ಆದರೆ ಏಳೂ ಒಲೆಗಳು ಇನ್ನೂ ಹೊಳೆಯ ಮೇಲೇ ಉರಿಯುತ್ತಿವೆ. ಯಾಕೆಂದರೆ ಕಡತ ತೆರೆದಿದೆ. ಕಡತ ತೆರೆದಿರುವುದು ನಾನು ಇಲ್ಲಿರುವುದಕ್ಕೆ. ಸಾಕ್ಷಿಯ ವಸ್ತುವನ್ನು ವಾಪಸು ಪಡೆದೆನೆಂದು ಅರ್ಜಿದಾರಳು ಸಹಿ ಹಾಕಿದರೆ ಕಡತ ಮುಗಿಯುತ್ತದೆ, ಹಳೆಯ ನೋಟಿಸಿಗೆ ಜೀವ ಬರುತ್ತದೆ. ಇದನ್ನು ಅವಳಿಗೆ ಗುಟ್ಟಾಗಿ ಹೇಳಿದವನು ಗುಮಾಸ್ತ ಶ್ರೀಪಾದ. ಅಂಥವರೂ ಒಬ್ಬಿಬ್ಬರು ಇರುತ್ತಾರೆ, ಇಲ್ಲದಿದ್ದರೆ ಈ ಕಚೇರಿಗಳನ್ನು ಯಾವತ್ತೋ ಗೆದ್ದಲು ತಿನ್ನುತ್ತಿತ್ತು.

ಗೆದ್ದಲು ಈಗ ನನ್ನ ಹತ್ತಿರ ಬಂದಿದೆ. ನೀರಿನ ಮರಕ್ಕೆ ಒಣನೆಲ ಆಗಿಬರುವುದಿಲ್ಲ. ಮೈಯುದ್ದಕ್ಕೂ ಸೀಳು ಬಿಟ್ಟಿದ್ದೇನೆ. ನಾನು ಪುಡಿಯಾದ ದಿನ "ವಸ್ತು ಲಭ್ಯವಿಲ್ಲ" ಎಂದು ಬರೆದು ಕಡತ ಕಟ್ಟಿಬಿಡಲು ಅವರು ಕಾಯುತ್ತಿದ್ದಾರೆ. ಹೊಳೆಯಲ್ಲಿ ಸಾಯುವ ಮರಕ್ಕೆ ಒಂದು ಮರ್ಯಾದೆ ಇದೆ. ನನಗೂ ಅಲ್ಲಿಗೆ ಹೋಗುವ ಆಸೆ ಇತ್ತು. ಈಗ ಆ ಆಸೆಯನ್ನು ಬಿಟ್ಟಿದ್ದೇನೆ.

ಮೊನ್ನೆ ಮಾಸ್ತಕ್ಕ ಬಂದಿದ್ದಳು. ಎರಡು ತಿಂಗಳಿಗೊಮ್ಮೆ ಬರುತ್ತಾಳೆ, ಸಾಕ್ಷಿ ನೋಡುವ ಹಕ್ಕು ಅರ್ಜಿದಾರಳಿಗೆ ಇದೆ ಎಂದು ಶ್ರೀಪಾದನಿಂದ ಬರೆಸಿಕೊಂಡಿದ್ದಾಳೆ. ಈ ಸಲ ಹೊಸ ದೊಡ್ಡ ಸಾಹೇಬ, ನನ್ನ ಲೆಕ್ಕದಲ್ಲಿ ನಾಲ್ಕನೆಯವನು, ತಾನೇ ದಾಸ್ತಾನು ಕೋಣೆಗೆ ಬಂದ. ರಸೀದಿಯನ್ನೂ ಪೆನ್ನನ್ನೂ ಅವಳ ಮುಂದೆ ಹಿಡಿದ. ನಿಮ್ಮ ಮಾವ ನೆಟ್ಟ ಗೂಟ, ಹೀಗೆ ಮೂಲೆಯಲ್ಲಿ ಹಾಳಾಗುವುದನ್ನು ನೋಡಲು ನಿಮಗೆ ಸಂಕಟವಾಗುವುದಿಲ್ಲವೇ, ಸಹಿ ಹಾಕಿ ಮನೆಗೆ ಒಯ್ಯಿರಿ ಎಂದ. ದನಿಯಲ್ಲಿ ಜೇನು ಸುರಿಯುತ್ತಿತ್ತು.

ಮಾಸ್ತಕ್ಕ ಸೆರಗಿನ ಮರೆಯಿಂದ ಒಂದು ಬಾಟಲಿ ತೆಗೆದಳು. ಗೇರೆಣ್ಣೆ. ದೋಣಿಯ ಹಲಗೆಗೆ ಹುಳ ಹಿಡಿಯದ ಹಾಗೆ ಬಳಿಯುವ ಕಪ್ಪು ಎಣ್ಣೆ, ಮೈಗೆ ತಾಗಿದರೆ ಸುಡುತ್ತದೆ. ತೆಂಗಿನ ನಾರನ್ನು ಅದರಲ್ಲಿ ಅದ್ದಿ ನನ್ನ ಬುಡದಿಂದ ಮೇಲಕ್ಕೆ ತಿಕ್ಕತೊಡಗಿದಳು. ಸೀಳಿನೊಳಗೆಲ್ಲ ಇಳಿಸಿದಳು. ಗೆದ್ದಲಿನ ಮಣ್ಣು ಉದುರಿತು. ಸಾಹೇಬನ ಪೆನ್ನು ಗಾಳಿಯಲ್ಲೇ ಇತ್ತು.

"ಸಂಕಟ ಆಗ್ತದೆ ಒಡೆಯಾ," ಎಂದಳು, ಕೈ ನಿಲ್ಲಿಸದೆ. "ನಮ್ಗೆ ತೋರಿಸ್ತೇವೆ ಅಂದ ಜಾಗ ತೋರ್ಸಿ. ಅದ್ರ ಕಾಗದ ನನ್ ಕೈಗೆ ಬಂದ ಮರುದಿನ ಒಯ್ತೆ. ಅಲ್ಲೀವರೆಗೂ ಇಂವ ನಿಮ್ಮಲ್ಲೇ ಇರ್ಲಿ."

ಅವನು ಹೊರಟುಹೋದ. ಅವಳು ಇನ್ನೊಂದು ಕೈ ಎಣ್ಣೆ ಬಳಿದು, ನಾರನ್ನು ಕಿಟಕಿಯ ಮೇಲಿಟ್ಟು, ಮುಂದಿನ ಸಲಕ್ಕೆ ಬೇಕು, ಎಸೆಯಬೇಡಿ ಎಂದು ಶ್ರೀಪಾದನಿಗೆ ಹೇಳಿ ದೋಣಿಗೆ ಹೋದಳು.

ಎಣ್ಣೆ ನನ್ನ ಮೈಯೊಳಗೆ ಇಳಿಯುತ್ತಿದೆ. ಉರಿಯುತ್ತದೆ. ಉರಿಯಲಿ. ಈ ಉರಿ ಇರುವ ತನಕ ನನ್ನನ್ನು ಯಾವ ಹುಳವೂ ತಿನ್ನುವುದಿಲ್ಲ. ನಾನು ಈ ಮೂಲೆಯಿಂದ ಕದಲುವುದಿಲ್ಲ.